ಅಳದವಳ ಪಾರ್ಟು

ನಾಟಕದ ಕೊನೆಯ ಪ್ರವೇಶ ಬದಲಿಸಬೇಕೆಂದು ಗೌಡರು ನನಗೆ ಹೇಳಿದ್ದು ಸಾಲೆಯಲ್ಲಿ, ಮೂರನೆಯ ಇಯತ್ತೆಯ ಮಕ್ಕಳ ಎದುರಿಗೆ. ನಾನು ಕರಿಹಲಗೆಯ ಮೇಲೆ ಗುಣಾಕಾರ ಬರೆಯುತ್ತಿದ್ದೆ. ಅವರು ಚಪ್ಪಲಿ ಬಿಡದೆ ಒಳಗೆ ಬಂದು, ನನ್ನ ಕುರ್ಚಿಯ ಮೇಲೆ ಕುಳಿತು, ನಾನು ಬರೆದುಕೊಟ್ಟಿದ್ದ ಪುಸ್ತಕವನ್ನು ಮೇಜಿನ ಮೇಲೆ ಒಗೆದರು.

“ಮಾಸ್ತರ, ನಾಟಕ ಪೂರಾ ಓದಿಸಿ ಕೇಳಿದ್ನಿ. ಚಲೋ ಬರದೀರಿ. ಕಡೀ ಸೀನ ಒಂದ ಕೆಟ್ಟೈತಿ,” ಎಂದರು. “ಅಲ್ರೀ, ಕೂಸಿನ್ನ ಬಿಟ್ಟು ಉಡಿಕಿ ಆಗಿ ಹ್ವಾದ ಹೆಂಗಸು, ವಾಪಸ್ ಬಂದು ಬಾಗಲದಾಗ ನಿಂತು ಅತ್ತು ಹೋಗಿಬಿಟ್ಲು ಅಂದ್ರ ಮುಗೀತೇನು? ಆಕಿ ಭಾವನ ಕಾಲಿಗೆ ಬೀಳಬೇಕು. ‘ತಪ್ಪಾತ್ರಿ ಭಾವಾ’ ಅನ್ನಬೇಕು. ಭಾವ ಕೈಯೆತ್ತಿ ಆಶೀರ್ವಾದ ಮಾಡಬೇಕು. ಆಕಿ ಅಲ್ಲೇ ಪ್ರಾಣ ಬಿಡಬೇಕು. ಆಮ್ಯಾಲ ಮಂಗಳ.”

ಆ ಭಾವನ ಪಾರ್ಟು ಮಾಡುವವರು ಸ್ವತಃ ಗೌಡರೇ.

“ಆಕಿ ಏನ ತಪ್ಪ ಮಾಡ್ಯಾಳ್ರಿ ಗೌಡ್ರ?” ಎಂದು ಕೇಳಿದೆ.

“ಮಾಡ್ಯಾಳೋ ಬಿಟ್ಟಾಳೋ, ಮಂದಿ ಅಳಬೇಕೋ ಬ್ಯಾಡೋ? ಮತ್ತ ನಾ ಈ ಊರಿಗೆ ಗೌಡ. ಸ್ಟೇಜಿನ ಮ್ಯಾಲ ನಿಂತು ಕಲ್ಲಮನಸಿನಾಂವ ಅನಿಸ್ಕೊಳ್ಳಲೇನು?”

ಮಕ್ಕಳು ಕಿಸಕ್ಕೆಂದರು. ನನಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಊರವರು ನನ್ನನ್ನು ಕವಿ ಎನ್ನುತ್ತಿದ್ದರು, ಪ್ರತಿ ನಾಟಕದ ಮೊದಲು ಮಾಲೆ ಹಾಕುತ್ತಿದ್ದರು. ಆದರೆ ಸಿಂಪಿಗನಿಗೆ ‘ತೋಳು ಗಿಡ್ಡ ಮಾಡು’ ಎಂದು ಹೇಳಿದ ಹಾಗೆಯೇ ನನಗೂ ಹೇಳುತ್ತಿದ್ದರು. ಹಿಂದಿನ ಮೂರು ನಾಟಕಗಳಲ್ಲಿ ನಾನು ತೋಳು ಗಿಡ್ಡ ಮಾಡಿದ್ದೆ, ಉದ್ದ ಮಾಡಿದ್ದೆ, ಬೇಡದ ಕಡೆ ಕಿಸೆ ಹಚ್ಚಿದ್ದೆ. ಅವು ಯಾರದೋ ಕಥೆಗಳು, ನನಗೇನೂ ಅನಿಸಿರಲಿಲ್ಲ. ಇದು ನನ್ನ ಕಥೆಯಾಗಿತ್ತು, ಮತ್ತು ಗೌಡರಿಗೆ ಅದು ಗೊತ್ತಿತ್ತು.

ಐವತ್ತರ ದಶಕದ ನಡುಗಾಲವದು. ರೋಣ ತಾಲೂಕು ಇನ್ನೂ ಮುಂಬಯಿ ಇಲಾಖೆಯಲ್ಲೇ ಇತ್ತು. ಅಬ್ಬಿಗೇರಿಯಿಂದ ಎರಡು ಹರದಾರಿಯಾಚೆಗಿನ ಎರೆಭೂಮಿಯ ಊರು ನಮ್ಮದು. ಅಲ್ಲೇ ಬೆಳೆದು ಅಲ್ಲಿಯ ಸಾಲೆಗೇ ಮಾಸ್ತರನಾಗಿದ್ದೆ. ನಮ್ಮ ಕಡೆ ಗಂಡ ಸತ್ತವಳು ಮತ್ತೆ ಮದುವೆಯಾಗುವುದಕ್ಕೆ ಉಡಿಕಿ ಎನ್ನುತ್ತಾರೆ. ಹಂದರವಿಲ್ಲ, ವಾದ್ಯವಿಲ್ಲ. ಊರ ಹಿರಿಯರು ಹೂಂ ಅಂದರೆ, ದೀಪ ಸಣ್ಣದು ಮಾಡಿ ಒಂದು ಸೀರೆ ಉಡಿಸಿ ಕಳಿಸಿಬಿಡುತ್ತಾರೆ. ಅದಕ್ಕೊಂದು ಕರಾರಿರುತ್ತದೆ: ಮೊದಲ ಗಂಡನ ಮಕ್ಕಳು ಅವನ ಮನೆಯಲ್ಲೇ ಉಳಿಯಬೇಕು, ತಾಯಿ ಒಬ್ಬಳೇ ಹೋಗಬೇಕು.

ಹಾಗೆ ಉಳಿದ ಕೂಸು ನಾನು. ನನ್ನ ಅಪ್ಪ ತೀರಿಕೊಂಡಾಗ ನನಗೆ ಮೂರು ವರ್ಷ. ಅವ್ವ ಉಡಿಕಿಯಾಗಿ ನರಗುಂದಕ್ಕೆ ಹೋದಾಗ ಐದು. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ನನ್ನನ್ನು ಸಾಕಿದರು, ಓದಿಸಿದರು. ಅವ್ವನ ಬಗ್ಗೆ ಅವರು ನನಗೆ ಹೇಳಿದ್ದು ಎರಡೇ ಮಾತು. “ನಿಮ್ಮವ್ವ ನಿನ್ನ ಬಿಟ್ಟು ಹೋದ್ಲು. ಎರಡ ವರ್ಷ ಆದಮ್ಯಾಲ ಒಂದ ಸಲ ಬಂದು, ಬಾಗಲದಾಗ ನಿಂತು ಅತ್ತು ಹ್ವಾದಳು.” ಆ ಎರಡು ಮಾತುಗಳನ್ನು ಇಪ್ಪತ್ತು ವರ್ಷ ಬಾಯೊಳಗಿಟ್ಟುಕೊಂಡು ಚಪ್ಪರಿಸಿ, ನಾನು ಒಂದು ನಾಟಕ ಬರೆದಿದ್ದೆ. ಅವಳನ್ನು ಯಾರೂ ಬೈಯದ, ಯಾರೂ ಕ್ಷಮಿಸದ ನಾಟಕ. ‘ಬಾಗಿಲ ಹೊರಗೆ’ ಎಂದು ಅದಕ್ಕೆ ಹೆಸರಿಟ್ಟಿದ್ದೆ.

ಗೌಡರು ಹೋದ ಮೇಲೆ ನಾನು ಮಾಡಿದ್ದೇನು? ಪುಸ್ತಕ ಅವರ ಮುಖದ ಮೇಲೆ ಒಗೆಯಲಿಲ್ಲ. ಎರಡು ಸಂಜೆ ಕುಳಿತು, ಹಲ್ಲು ಕಡಿಯುತ್ತ, ಅವರು ಹೇಳಿದ ಹಾಗೆಯೇ ಬರೆದೆ. ಅವರು ಸಾಲೆಯ ಕಮಿಟಿಯ ಮುಖ್ಯಸ್ಥರು, ಎದುರಾಡಿದರೆ ದೂರದ ಯಾವುದೋ ಊರಿಗೆ ವರ್ಗ ಮಾಡಿಸುತ್ತಾರೆ ಎಂಬ ಅಂಜಿಕೆ ಇತ್ತು. ಆದರೆ ಅದು ನೆಪ. ಖರೇ ಹೇಳಬೇಕೆಂದರೆ ನನಗೆ ನಾಟಕ ಆಗಬೇಕಿತ್ತು, ನನ್ನ ಹೆಸರು ಹ್ಯಾಂಡಬಿಲ್ಲಿನಲ್ಲಿ ಬರಬೇಕಿತ್ತು. ಹ್ಯಾಂಡಬಿಲ್ಲು ಗದಗಿನಿಂದ ಅಚ್ಚಾಗಿ ಬಂತು. ‘ತಾಯಿಯ ತಪ್ಪು ಅರ್ಥಾತ್ ಪಶ್ಚಾತ್ತಾಪದ ಕಣ್ಣೀರು’ ಎಂದಿತ್ತು. ಹೆಸರನ್ನೂ ಬದಲಿಸಿದ್ದರು. ಅದನ್ನು ನೋಡಿ ನನಗೆ ನನ್ನ ಮೇಲೇ ಹೇಸಿಗೆ ಬಂತು.

ನಮ್ಮಲ್ಲಿ ನಾಟಕ ಕಲಿಸುವ ರೀತಿಯನ್ನು ಇಲ್ಲಿ ಹೇಳಲೇಬೇಕು, ಮುಂದಿನದೆಲ್ಲ ಅದರಿಂದಲೇ ಆದದ್ದು. ಪೂರ್ತಿ ನಾಟಕ ಇರುವುದು ಒಂದೇ ಪುಸ್ತಕದಲ್ಲಿ, ಅದು ಕವಿಯ ಕೈಯಲ್ಲಿ. ಪಾರ್ಟು ಮಾಡುವವರಿಗೆ ಅವರವರ ಮಾತಿನ ಕಾಪಿ ಮಾತ್ರ ಬರೆದುಕೊಡುತ್ತೇವೆ. ಎದುರಿನವನ ಮಾತು ಪೂರ್ತಿ ಬರೆಯುವುದಿಲ್ಲ. ಅದರ ಕೊನೆಯ ಎರಡು ಶಬ್ದ ಬರೆದು ಕೆಳಗೆ ಗೆರೆ ಎಳೆಯುತ್ತೇವೆ. ಆ ಎರಡು ಶಬ್ದ ಕಿವಿಗೆ ಬಿದ್ದವೋ, ತನ್ನ ಮಾತು ಶುರು. ಓದು ಬಾರದವರಿಗೆ ಬಾಯಿಪಾಠ. ಗೌಡರಿಗೆ ಸಹಿ ಮಾಡುವಷ್ಟೇ ಓದು ಬರುತ್ತಿತ್ತು, ಹಾಗಾಗಿ ನಾನೇ ದಿನಾ ಸಂಜೆ ಅವರ ಪಡಸಾಲೆಯಲ್ಲಿ ಕುಳಿತು ಬಾಯಿಪಾಠ ಮಾಡಿಸಿದೆ. ಕೊನೆಯ ಪ್ರವೇಶದಲ್ಲಿ ಅವರಿಗೆ ಗುರುತಿನ ಮಾತು ‘ತಪ್ಪಾತ್ರಿ ಭಾವಾ’. ಅದು ಕೇಳುವತನಕ ಅವರು ಬಲಗೈ ಎತ್ತಿ ನಿಂತಿರಬೇಕು, ಕೇಳಿದ ಮೇಲೆ ‘ಏಳು ತಂಗೀ’ ಎಂದು ಶುರು ಮಾಡಬೇಕು. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಆ ‘ತಂಗೀ’ ಕೇಳಿ ಸ್ವರ ಹಿಡಿಯಬೇಕು. ಆಟದ ದಿನ ಯಾರಾದರೂ ಮಾತು ಮರೆತರೆ ಪರದೆಯ ಸಂದಿಯಿಂದ ಹೇಳಿಕೊಡುವವನು ನಾನು.

ತಾಯಿಯ ಪಾರ್ಟಿಗೆ ಗಜೇಂದ್ರಗಡದಿಂದ ಒಬ್ಬ ನೇಕಾರರನ್ನು ಗೊತ್ತು ಮಾಡಿದ್ದರು. ಹೆಣ್ಣಿನ ವೇಷದಲ್ಲಿ ಅವರು ಸುತ್ತ ಹತ್ತು ಹಳ್ಳಿಗೆ ಹೆಸರಾದವರು. ಅವರು ಅತ್ತರೆಂದರೆ ಮಂದಿ ‘ಇನ್ನೊಮ್ಮೆ ಅಳ್ರಿ’ ಎಂದು ಕೂಗುತ್ತಿದ್ದರು, ಅವರೂ ಎದ್ದು ಕಣ್ಣೊರೆಸಿಕೊಂಡು ಮೊದಲಿನಿಂದ ಮತ್ತೆ ಅಳುತ್ತಿದ್ದರು. ಮಗ್ಗ ಬಿಟ್ಟು ಬರಲಾಗುವುದಿಲ್ಲವೆಂದು ಕೊನೆಯ ಎರಡು ತಾಲೀಮಿಗೆ ಮಾತ್ರ ಬರುತ್ತೇನೆಂದಿದ್ದರು. ಅವರ ಕಾಪಿ ಅವರ ಮನೆಗೇ ಹೋಗಿತ್ತು.

ಯುಗಾದಿಯ ಮಾರನೆಯ ದಿನ ಆಟ. ಅದಕ್ಕೆ ಹದಿನೈದು ದಿನ ಮೊದಲು ನಾನು ಪರದೆ ಗೊತ್ತು ಮಾಡಲು ನರಗುಂದಕ್ಕೆ ಹೋದೆ. ರೋಣದವರೆಗೆ ಚಕ್ಕಡಿ, ಅಲ್ಲಿಂದ ಮೋಟಾರು. ಕೋಟೆಗುಡ್ಡದ ಬುಡದಲ್ಲಿ ಕಾಳಿನ ಪೇಟೆಯ ವರ್ತಕರೊಬ್ಬರು ಅರಮನೆ, ಅಡವಿ, ಬೀದಿ ಮೂರೂ ಪರದೆಗಳನ್ನು ಬಾಡಿಗೆಗೆ ಇಟ್ಟಿದ್ದರು. ಅರಮನೆಯ ಪರದೆ ಇಲಿ ಕಡಿದಿತ್ತು, ನನಗೆ ಬೇಕಾದದ್ದು ಬೀದಿಯದು. ಅದನ್ನು ಗೊತ್ತು ಮಾಡಿ, ಹಿಂದಿನ ಓಣಿಯಲ್ಲಿದ್ದ ಅವ್ವನ ಮನೆಗೆ ಹೋದೆ.

ನೌಕರಿ ಸಿಕ್ಕ ಮೇಲೆ ಮೂರು-ನಾಲ್ಕು ಸಲ ಹೋಗಿದ್ದೆ. ಚಹಾ ಕುಡಿದು, ಮಳೆಯ ಮಾತಾಡಿ, ಎದ್ದು ಬರುತ್ತಿದ್ದೆ. ‘ಅವ್ವಾ’ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಅಂದು ಅವಳು ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ನಿನ್ನ ಮ್ಯಾಲ ಒಂದ ನಾಟಕ ಬರದೀನಿ,” ಎಂದೆ. “ಕಡೀ ಸೀನ ಗೌಡ್ರು ಕೆಡಿಸ್ಯಾರ, ನಿನ್ನನ್ನ ಭಾವನ ಕಾಲಿಗೆ ಬೀಳಿಸ್ಯಾರ. ನಾ ಮೊದಲ ಬರದದ್ದ ಕೇಳತಿಯೇನ?”

ಅವಳಿಗೆ ಓದು ಬರುತ್ತಿರಲಿಲ್ಲ. ನಾನೇ ಓದಿದೆ. ಖರೇ ಹೇಳುತ್ತೇನೆ, ಭಾಳ ಹೆಮ್ಮೆಯಿಂದ ಓದಿದೆ. ತಾಯಿ ಬಾಗಿಲಲ್ಲಿ ನಿಲ್ಲುತ್ತಾಳೆ, ಒಳಗಿನ ಮಗನ ದನಿ ಕೇಳುತ್ತಾಳೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಾಳೆ, ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಾಳೆ. ಓದಿ ಮುಗಿಸಿ ತಲೆ ಎತ್ತಿದರೆ ಅವ್ವ ನಗುತ್ತಿದ್ದಳು.

“ಯಾರಪಾ ಇಕಿ?”

“ನೀನ.”

“ನಾನ? ನಾ ಯಾವಾಗ ಅತ್ನಿ?” ಮೊರ ಕೆಳಗಿಟ್ಟಳು. ನಗೆ ಹೋಗಿತ್ತು. “ಯಾರಂದ್ರ ನಿನಗ ನಾ ಅತ್ತು ಹ್ವಾದ್ನಿ ಅಂತ?”

“ದೊಡ್ಡಪ್ಪ.”

“ಅನ್ನತಾನ. ಅನ್ನದ ಏನ ಮಾಡತಾನ?” ಅವಳ ಮುಖ ಕೆಂಪಗಾಯಿತು. “ಕೇಳಿಲ್ಲಿ. ನಿನ್ನ ಕರಕೊಂಡ ಹೋಗಾಕ ಬಂದಿದ್ನಿ ನಾ. ಇಂವ, ನನ್ನ ಗಂಡ, ಹೂಂ ಅಂದಿದ್ದ. ನಿಮ್ಮ ದೊಡ್ಡಪ್ಪ ಬಾಗಲಾ ಹಾಕಿದ. ನಾ ಅಲ್ಲೇ ಕಟ್ಟಿ ಮ್ಯಾಲ ಕುಂತ್ನಿ. ಮೂರ ದಿನಾ ಕುಂತ್ನಿ. ಊರ ಮಂದಿ ಬಂದು ನೋಡಿ ನೋಡಿ ಹ್ವಾದ್ರು. ನಿಮ್ಮ ಗೌಡ ಐತಲ್ಲ, ಆಗಿನ್ನೂ ಹುಡುಗ, ಅದೂ ಬಂದು ನಿಂತು ನೋಡಿತ್ತು. ಒಂದ ಹನಿ ಕಣ್ಣೀರ ಹಾಕಿಲ್ಲ ನಾ. ಸಿಟ್ಟ ಇತ್ತ ನನಗ, ಸಿಟ್ಟ! ಮೈಯೆಲ್ಲಾ ಉರೀತಿತ್ತು.”

“ನಾ ಎಲ್ಲಿದ್ನಿ?” ಎಂದೆ. ನನಗೆ ಒಂದಿಷ್ಟೂ ನೆನಪಿರಲಿಲ್ಲ.

“ನಿನ್ನ ಅವತ್ತ ಹಿತ್ತಲ ಬಾಗಲದಿಂದ ಇಟಗಿಗೆ ಕಳಿಸಿಬಿಟ್ಟಿದ್ರು, ನಿಮ್ಮ ದೊಡ್ಡವ್ವನ ತವರಮನಿಗೆ. ನಾ ಕೂಸಿಲ್ಲದ ಮನಿ ಮುಂದ ಕುಂತೀನಿ ಅನ್ನೂದು ಮೂರನೇ ದಿನಾ ಗೊತ್ತಾತು.”

ಇಟಗಿ! ಇಟಗಿಗೆ ಹೋದದ್ದು ನನಗೆ ಚೆನ್ನಾಗಿ ನೆನಪಿತ್ತು. ಬೆಳಗಿನ ಚಕ್ಕಡಿ, ಗುಡಿಯ ಮುಂದೆ ಕೊಡಿಸಿದ ಬೆಂಡು-ಬತ್ತಾಸು, ಕೆಂಪು ಗೊಂಡೆಯ ಹೊಸ ಟೊಪ್ಪಿಗೆ. ನನ್ನ ಬಾಲ್ಯದಲ್ಲಿ ಅಷ್ಟು ಸುಖದ ದಿನಗಳು ಬೇರೆ ಇರಲಿಲ್ಲ. ನಿಬಂಧ ಬರೆಯುವುದನ್ನು ಕಲಿಸುವಾಗ ಮಕ್ಕಳಿಗೆ ನಾನು ಪ್ರತಿ ವರ್ಷ ಆ ಟೊಪ್ಪಿಗೆಯ ಕಥೆಯನ್ನೇ ಉದಾಹರಣೆಯಾಗಿ ಹೇಳುತ್ತಿದ್ದೆ. ಟೊಪ್ಪಿಗೆ ಕೊಡಿಸಿ ನನ್ನನ್ನು ಅಡಗಿಸಿ ಇಟ್ಟಿದ್ದರು.

“ಹೋಗೂ ಮುಂದ ಏನಂದಿ?” ಎಂದು ಕೇಳಿದೆ.

ಅವ್ವ ನಿನ್ನೆ ಮೊನ್ನೆ ಅಂದಂತೆ ಹೇಳಿದಳು. “‘ಹೂಂ ಅಂದು ಸೀರಿ ಉಡಿಸಿ ಕಳಿಸಿದವ್ರು ನೀವು. ಇವತ್ತ ನಾ ಕಳ್ಳಿ ಹ್ಯಾಂಗಾದ್ನಿ? ಕೂಸಿನ್ನ ಕೊಡೂದಿಲ್ಲಂದ್ರ ಇಟ್ಕೋರಿ. ಆದ್ರ ನಿಮ್ಮವ್ವ ಬಿಟ್ಟು ಹೋದ್ಲು ಅಂತ ಅದಕ್ಕ ಹೇಳಬ್ಯಾಡ್ರಿ. ನಾವು ಕಸಗೊಂಡ್ವಿ ಅಂತ ಹೇಳ್ರಿ.’ ಇಷ್ಟಂದು ಬಂದ್ನಿ.” ಆಮೇಲೆ ನನ್ನ ಕಡೆ ನೋಡಿ, “ಹೇಳಿದ್ನೇನು ನಿಮ್ಮ ದೊಡ್ಡಪ್ಪ ನಿನಗ?” ಎಂದಳು.

ಹೇಳಿರಲಿಲ್ಲ.

“ಮತ್ತ ನಿಮ್ಮ ಗೌಡ ಕೆಡಿಸಿದ ಅಂತೀ. ಆಂವ ನನ್ನನ್ನ ಕಾಲಿಗೆ ಬೀಳಿಸ್ಯಾನ, ನೀ ಹೊಸ್ತಿಲಕ್ಕ ಬೀಳಿಸೀದಿ. ಇಬ್ಬರೂ ಬೀಳಿಸೀರಿ. ಹೋಗ,” ಎಂದು ಅವ್ವ ಮೊರ ಎತ್ತಿಕೊಂಡಳು.

ಮೋಟಾರಿನಲ್ಲಿ ರೋಣದವರೆಗೂ ಕುದಿಯುತ್ತ ಬಂದೆ. ಗೌಡರ ಮೇಲೆ ಸಿಟ್ಟು, ದೊಡ್ಡಪ್ಪನ ಮೇಲೆ ಅದರ ನೂರು ಪಟ್ಟು ಸಿಟ್ಟು. ಆದರೆ ಬರೆದವನು ನಾನಲ್ಲವೇ? ತಿಂಗಳುಗಟ್ಟಲೆ ಕುಳಿತು ಬರೆಯುವಾಗ ನರಗುಂದಕ್ಕೆ ಹೋಗಿ ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅಳುವ ತಾಯಿ ನನಗೂ ಬೇಕಾಗಿದ್ದಳು. ಅತ್ತು ಹೋದವಳ ಮೇಲೆ ಕನಿಕರ ಪಡುವುದು ಸುಲಭ.

ಮನೆಗೆ ಹೋದ ಕೂಡಲೇ ಕೇಳಿಬಿಡಬೇಕೆಂದುಕೊಂಡಿದ್ದೆ. ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. “ಪರದೇ ಸಿಕ್ತೇನೋ ತಮ್ಮಾ?” ಎಂದರು. “ಸಿಕ್ತು,” ಎಂದೆ. ಅದೇ ಕಟ್ಟೆ. ಅದನ್ನು ದಾಟಿ ಹೊಸ್ತಿಲ ಮೇಲೆ ನಿಂತೆ. ಅಂದು ಕೇಳಿದ್ದರೆ ‘ಆಕಿ ಸುಳ್ಳ ಹೇಳತಾಳ’ ಎನ್ನುತ್ತಿದ್ದರು, ಮುಗಿದುಹೋಗುತ್ತಿತ್ತು. ಅವಳ ಮಾತನ್ನು ಊರೆಲ್ಲ ಕೇಳುವ ಹಾಗೆ ಹೇಳಿಸಬೇಕೆಂದು ನಾನು ನಿರ್ಧರಿಸಿದ್ದು ಆ ಹೊಸ್ತಿಲ ಮೇಲೆ.

ಪೂರ್ತಿ ನಾಟಕ ಬದಲಿಸುವುದು ಬೇಕಿರಲಿಲ್ಲ. ಒಂದೇ ಒಂದು ಕಾಪಿಯ ಕೊನೆಯ ಎರಡು ಪುಟ ಬದಲಿಸಿದರೆ ಸಾಕಿತ್ತು. ಎಲ್ಲರಿಗೂ ಗೊತ್ತಿರುವುದು ತಮ್ಮ ತಮ್ಮ ಮಾತು ಮಾತ್ರ. ರವಿವಾರ ನಸುಕಿನಲ್ಲಿ ಎದ್ದು ಗಜೇಂದ್ರಗಡಕ್ಕೆ ನಡೆದೆ.

ನೇಕಾರರು ಕುಣಿಯೊಳಗೆ ಕಾಲಿಳಿಬಿಟ್ಟು ಮಗ್ಗದ ಮುಂದೆ ಕುಳಿತಿದ್ದರು. ನನ್ನ ಕಾಪಿಯನ್ನು ಎದುರಿನ ಗೂಟಕ್ಕೆ ಸಿಕ್ಕಿಸಿಕೊಂಡಿದ್ದರು. ಲಾಳಿ ಅತ್ತಿಂದಿತ್ತ ಹೋದಂತೆ ಒಂದೊಂದು ಮಾತು ಪಾಠ. ಅವರ ಹೆಂಡತಿ ಪಕ್ಕದಲ್ಲಿ ರಾಟೆಗೆ ನೂಲು ಸುತ್ತುತ್ತಿದ್ದರು. ನಾನು ಹೊಸ ಪುಟ ಕೊಟ್ಟೆ, ವಿಷಯ ಹೇಳಿದೆ. ಅವರು ಓದಿ ಲಾಳಿ ಕೆಳಗಿಟ್ಟರು.

“ಅಲ್ರೀ ಮಾಸ್ತರ, ಇದರಾಗ ಅಳೂದ ಇಲ್ಲ! ಅಳಬ್ಯಾಡಂದ್ರ ನನ್ನ ಯಾಕ ಕರಿಸಿದ್ರಿ? ಮಂದಿ ಕಲ್ಲ ಒಗೀತಾರ. ಗೌಡ್ರು ಇನ್ನೊಮ್ಮಿ ನನ್ನ ಊರಾಗ ಹೊಗಿಸಿಕೊಳ್ತಾರೇನು?”

“ಹೊಗಿಸಿಕೊಳ್ಳೂದಿಲ್ಲ,” ಎಂದೆ. “ನನ್ನೂ ಹೊರಗ ಹಾಕ್ತಾರ. ಬ್ಯಾಡಾದ್ರ ಬ್ಯಾಡ ಅನ್ರಿ ಅಣ್ಣಾರ. ಹಳೇ ಕಾಪಿ ಐತಿ.”

ರಾಟೆ ನಿಂತಿತು. ನೇಕಾರರ ಹೆಂಡತಿ, “ಆ ಕಡೀ ಮಾತ ಇನ್ನೊಮ್ಮಿ ಓದ್ರಿ,” ಎಂದರು. ಓದಿದೆ. ಆಕೆ ಗಂಡನ ಕಡೆ ತಿರುಗಿ, “ಅಳೂದು ಭಾಳ ಆತು. ಇದನ್ನ ಅಂದು ಬಾ,” ಎಂದರು. ರಾಟೆ ಮತ್ತೆ ತಿರುಗತೊಡಗಿತು.

ನೇಕಾರರು ಕಾಪಿಯನ್ನು ಇನ್ನೊಮ್ಮೆ ಓದಿದರು. ಕೊನೆಗೆ ಒಪ್ಪಿದರು, ಆದರೆ ಒಂದು ಮಾತಿಗೆ ಅಡ್ಡ ಬಂದರು. “ಮೂರ ದಿನಾ ಕುಂತ್ನಿ ಅಂದ್ರ ಮಂದಿ ನಂಬೂದಿಲ್ರಿ. ಒಂದ ಹೆಣಮಗಳನ್ನ ಮೂರ ದಿನಾ ಯಾರರೆ ಹೊರಗ ಕುಂಡ್ರಸ್ತಾರೇನು? ಒಂದ ದಿನಾ ಅನ್ರಿ.” ನನಗೂ ಹಾಗೇ ಅನಿಸಿತು. ನಾಟಕದಲ್ಲಿ ನಂಬಿಕೆ ಮುಖ್ಯ, ಎಂದುಕೊಂಡು ‘ಮೂರು’ ಹೊಡೆದು ‘ಒಂದು’ ಬರೆದೆ. ಇಷ್ಟೆಲ್ಲ ಆದ ಮೇಲೂ ನನ್ನ ಚಟ ಹೋಗಿರಲಿಲ್ಲ.

ಕೊನೆಯ ಎರಡು ತಾಲೀಮಿನಲ್ಲಿ, ನಾವು ಮಾತಾಡಿಕೊಂಡಂತೆ, ನೇಕಾರರು ಹಳೆಯ ಮಾತುಗಳನ್ನೇ ಆಡಿದರು. ಕಾಲಿಗೆ ಬಿದ್ದು ಭೋರೆಂದು ಅತ್ತರು. ಗೌಡರು ಕೈಯೆತ್ತಿ ‘ಏಳು ತಂಗೀ’ ಎಂದರು, ನೋಡಲು ಬಂದಿದ್ದ ಮುದುಕರು ಕಣ್ಣೊರೆಸಿಕೊಂಡರು. “ನೋಡಿದ್ರೇನು ಮಾಸ್ತರ? ನಾಟಕಂದ್ರ ಇದು,” ಎಂದು ಗೌಡರು ನನ್ನ ಬೆನ್ನು ಚಪ್ಪರಿಸಿದರು. ಅವ್ವನಿಗೆ ನರಗುಂದಕ್ಕೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದೆ: ಬಾ, ಈ ಸಲ ಬೀಳಿಸಿಲ್ಲ.

ಊರ ಹೊರಗಿನ ಕಣದಲ್ಲಿ ಚಕ್ಕಡಿಗಳ ಮೇಲೆ ಹಲಗೆ ಹಾಸಿ ರಂಗ ಕಟ್ಟಿದ್ದರು. ರಾಶಿ ಮುಗಿದಿತ್ತು, ಮಂದಿ ಕಂಬಳಿ ಬುತ್ತಿ ಸಮೇತ ಬಂದಿದ್ದರು. ಮುಂದಿನ ಸಾಲಿನಲ್ಲಿ ಊರ ಹಿರಿಯರು, ಅವರ ನಡುವೆ ದೊಡ್ಡಪ್ಪ. ಹೆಂಗಸರ ಕಡೆ ಎಲ್ಲಕ್ಕಿಂತ ಹಿಂದೆ ಒಂದು ಚಕ್ಕಡಿ ನಿಂತಿತ್ತು. ಅವ್ವ ಅದರಿಂದ ಇಳಿದಿರಲಿಲ್ಲ. ಉಡಿಕಿಯಾದವಳೆಂದು ಮುತ್ತೈದೆಯರ ಸಾಲಿನಲ್ಲಿ ಕೂರಲು ಅವಳಿಗೆ ಮನಸ್ಸಾಗಿರಲಿಕ್ಕಿಲ್ಲ.

ನಮ್ಮ ನಾಟಕಗಳು ಬೆಳಗಾಗುವತನಕ ನಡೆಯುತ್ತವೆ. ಕೊನೆಯ ಪ್ರವೇಶ ಬಂದಾಗ ಮೂಡಣ ಬೆಳ್ಳಗಾಗಿತ್ತು, ಗ್ಯಾಸಬತ್ತಿ ಮಂಕಾಗಿದ್ದವು. ಬೀದಿಯ ಪರದೆ. ನೇಕಾರರು ತಾವೇ ನೇಯ್ದ ಕಪ್ಪು ಸೀರೆ ಉಟ್ಟು ಬಂದರು. ಗೌಡರು ರುಮಾಲು ಸುತ್ತಿ, ಬಾಗಿಲಲ್ಲಿ ನಿಂತು, ಬಲಗೈ ಎತ್ತಿದರು. ನಾನು ಪರದೆಯ ಸಂದಿಯಲ್ಲಿ ಪುಸ್ತಕ ಹಿಡಿದು ನಿಂತಿದ್ದೆ.

ನೇಕಾರರು ಬೀಳಲಿಲ್ಲ. ಕಟ್ಟೆ ಎಂದು ಇಟ್ಟಿದ್ದ ಹಲಗೆಯ ಮೇಲೆ ಕುಳಿತರು. ಎಂದಿನ ಹೆಣ್ಣು ದನಿಯನ್ನೂ ಬಿಟ್ಟು, ತಮ್ಮ ಸ್ವಂತ ದನಿಯಲ್ಲಿ, ಒಂದೊಂದೇ ಮಾತು ಎತ್ತಿ ಇಟ್ಟರು. “ಒಂದ ದಿನಾ ಪೂರಾ ಈ ಕಟ್ಟಿ ಮ್ಯಾಲ ಕುಂತೀನಿ ಭಾವಾ. ಹೂಂ ಅಂದು ಸೀರಿ ಉಡಿಸಿ ಕಳಿಸಿದವ್ರು ನೀವು. ಇವತ್ತ ನಾ ಕಳ್ಳಿ ಹ್ಯಾಂಗಾದ್ನಿ?”

ಗೌಡರು ಕಣ್ಣು ಹೊರಳಿಸಿದರು. ಇದು ಅವರು ಕಾಯುತ್ತಿದ್ದ ಮಾತಲ್ಲ. ಕೈ ಎತ್ತಿದ್ದೇ ಇತ್ತು.

“ಕೂಸಿನ್ನ ಇಟ್ಕೋರಿ. ಆದ್ರ ನಿಮ್ಮವ್ವ ಬಿಟ್ಟು ಹೋದ್ಲು ಅಂತ ಹೇಳಬ್ಯಾಡ್ರಿ. ನಾವು ಕಸಗೊಂಡ್ವಿ ಅಂತ ಹೇಳ್ರಿ.”

ಅಷ್ಟು ಹೇಳಿ ನೇಕಾರರು ಸುಮ್ಮನಾದರು. ಗೌಡರು ತುಟಿ ಅಲುಗಿಸದೆ ಪಿಸುಗುಟ್ಟಿದರು: “ಮಾಸ್ತರ, ಮುಂದ? ಹೇಳ್ರಿ ಲಗೂ!” ನಾನು ಪುಸ್ತಕ ಮುಚ್ಚಿದೆ. “ಹೇಳ್ರೀ!” ನಾನು ಹೇಳಲಿಲ್ಲ. ‘ತಪ್ಪಾತ್ರಿ ಭಾವಾ’ ಬರುವತನಕ ಕೈ ಇಳಿಸಬಾರದೆಂದು ನಾನೇ ಕಲಿಸಿದ್ದೆ, ಪಾಪ, ಅವರು ಇಳಿಸಲಿಲ್ಲ. ಆಶೀರ್ವಾದದ ಕೈ ಎತ್ತಿಕೊಂಡು, ಬಾಯಿ ತೆರೆದುಕೊಂಡು, ಒಂದೂ ಮಾತಿಲ್ಲದೆ ನಿಂತಿದ್ದರು. ಪೇಟಿ ಮಾಸ್ತರರ ಬೆರಳು ಪೇಟಿಯ ಮನೆಗಳ ಮೇಲೇ ಉಳಿದಿತ್ತು. ಹೆಂಗಸರ ಕಡೆಯಿಂದ ಒಂದು ಮುದುಕಿ ದನಿ, “ಈಗ ಹೇಳಪಾ, ಏನ ಹೇಳ್ತಿ?” ಎಂದಿತು. ಅದು ಗೌಡರಿಗೆ ಹೇಳಿದ್ದೋ ಬೇರೆಯವರಿಗೋ ಯಾರಿಗೂ ತಿಳಿಯಲಿಲ್ಲ.

ಆಗ ಮುಂದಿನ ಸಾಲಿನಿಂದ ದೊಡ್ಡಪ್ಪ ಎದ್ದು ನಿಂತರು. ಆಟ ನಿಲ್ಲಿಸುತ್ತಾರೆ, ನನ್ನನ್ನು ಎಳೆದು ಹೊರಗೆ ಹಾಕುತ್ತಾರೆ ಎಂದುಕೊಂಡೆ. ಹಾಕಲಿ, ಎಂದು ಪರದೆ ಸರಿಸಿ ಹೊರಗೇ ಬಂದು ನಿಂತೆ. ಅವರು ಗೌಡರನ್ನು ನೋಡಲಿಲ್ಲ, ನೇಕಾರರನ್ನೂ ನೋಡಲಿಲ್ಲ.

“ಒಂದ ದಿನಾ ಅಲ್ಲೋ ತಮ್ಮಾ,” ಎಂದರು ನನಗೆ. “ಮೂರ ದಿನಾ.”

ಹೆಗಲ ಮೇಲಿನ ಕಂಬಳಿ ಸರಿ ಮಾಡಿಕೊಂಡು ಮಂದಿಯ ನಡುವಿನಿಂದ ಮನೆಯ ಕಡೆ ನಡೆದುಬಿಟ್ಟರು. ನಾನು ಇನ್ನೊಂದು ಮಾತು ಕಾಯುತ್ತ ಬಾಯಿ ತೆರೆದು ನಿಂತಿದ್ದೆ, ಥೇಟ್ ಗೌಡರ ಹಾಗೆ. ಆ ಮಾತು ಬರಲಿಲ್ಲ.

ಮಂಗಳ ಹಾಡದೆಯೇ ಮಂದಿ ಎದ್ದಿತು. ಗೌಡರು ನನ್ನ ಅಂಗಿಯ ಕೊರಳಪಟ್ಟಿ ಹಿಡಿದರು. “ನಿನ್ನ ಮಾಸ್ತರಕಿ ಮುಗೀತು ಮಗನ!” ಅಷ್ಟರಲ್ಲಿ ಯಾರೋ ಬಂದು, “ಗೌಡ್ರ, ಕಡೀಕ ಏನ ನಿಂತಿದ್ರಿ! ಎದಿ ಝಲ್ಲಂತು ನೋಡ್ರಿ,” ಎಂದರು. ಗೌಡರ ಕೈ ಸಡಿಲಾಯಿತು. “ಹೌದೇನ?” ಎಂದರು. ಅವರ ಜೊತೆ ಹೊಡೆದಾಡಲು ನನಗೆ ಪುರುಸೊತ್ತಿರಲಿಲ್ಲ, ಚಕ್ಕಡಿಯ ಕಡೆ ಓಡಿದೆ.

ಅವ್ವ ಕೆಳಗಿಳಿದಿದ್ದಳು. “ಎತ್ತ ಬಿಚ್ಚಪಾ,” ಎಂದು ಚಕ್ಕಡಿ ಹೊಡೆಯುವವನಿಗೆ ಹೇಳುತ್ತಿದ್ದಳು. “ಲಗೂ ಹೋಗೂದಿಲ್ಲ.”

“ಎಲ್ಲಿ ಹೊಂಟಿ ಅವ್ವಾ?” ಎಂದೆ. ಹೊರಳದ ನಾಲಿಗೆ ಅಂದು ತಾನೇ ಹೊರಳಿತು.

“ಮೂರ ದಿನಾ ಅಂದಾನ. ಇನ್ನೊಂದ ಮಾತ ಬಾಕಿ ಐತಿ,” ಎಂದು ಸೆರಗು ಬಿಗಿದುಕೊಂಡು ನಡೆದಳು.

ದೊಡ್ಡಪ್ಪನ ಮನೆಯ ಬಾಗಿಲು ಮುಚ್ಚಿತ್ತು. ಅವ್ವ ಕಟ್ಟೆಯ ಮೇಲೆ ಕುಳಿತಳು. ಯಾವ ಜಾಗ ಎಂದು ಅವಳು ಹುಡುಕಲಿಲ್ಲ, ನೇರ ಹೋಗಿ ಕಂಬದ ಪಕ್ಕ ಕುಳಿತಳು. ನಾನೂ ಅವಳ ಪಕ್ಕ ಕುಳಿತೆ. ಮುಖಕ್ಕೆ ಬಣ್ಣ ಇದ್ದಂತೆಯೇ ನೇಕಾರರು ಬಂದು ಎದುರಿನ ಬೇವಿನ ಗಿಡದ ಕೆಳಗೆ ನಿಂತರು. ಆಟ ನೋಡಿ ಮರಳುತ್ತಿದ್ದ ಮಂದಿ ಒಬ್ಬೊಬ್ಬರೇ ಓಣಿಯಲ್ಲಿ ನಿಂತರು. ಕೆಲವರು ಇಪ್ಪತ್ತು ವರ್ಷದ ಹಿಂದೆಯೂ ಬಂದು ನಿಂತು ನೋಡಿದವರೇ ಇರಬೇಕು. ಅವರನ್ನು ನೋಡಿ ನನಗೆ ಮತ್ತೆ ಮೈ ಉರಿಯಿತು. ಅಂದು ಇವರಲ್ಲಿ ಒಬ್ಬನಾದರೂ ಬಾಯಿ ತೆರೆದಿದ್ದರೆ?

ಬಿಸಿಲು ಕಟ್ಟೆಯ ಅಂಚಿಗೆ ಬಂತು, ಕಟ್ಟೆಯ ಮೇಲೆ ಹತ್ತಿತು, ನಮ್ಮ ಮೊಣಕಾಲಿಗೆ ಬಂತು. ಒಳಗೆ ದೊಡ್ಡವ್ವ ಏನೋ ಹೇಳುವುದು, ದೊಡ್ಡಪ್ಪ ಗದರುವುದು, ಆಮೇಲೆ ಅದೂ ಇಲ್ಲದಾಗುವುದು ಕೇಳುತ್ತಿತ್ತು. ಅವ್ವ ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದಳು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ, ನಾನು ಸರಿಯಾಗಿ ನೋಡಿದೆ.

ಈ ಸಲ ಮೂರು ದಿನ ಬೇಕಾಗಲಿಲ್ಲ. ಮಧ್ಯಾಹ್ನಕ್ಕೆ ಮೊದಲು ಅಗುಳಿ ಸರಿಯಿತು. ದೊಡ್ಡಪ್ಪ ತಂಬಿಗೆಯಲ್ಲಿ ನೀರು ತಂದು ಅವ್ವನ ಪಕ್ಕ ಇಟ್ಟರು. ಅವಳು ಮುಟ್ಟಲಿಲ್ಲ. ಅವರು ನನ್ನ ಮುಂದೆ ನಿಂತು, ನನಗಷ್ಟೇ ಕೇಳುವ ಹಾಗೆ ಹೇಳಿದರು.

“ನಿಮ್ಮವ್ವ ನಿನ್ನ ಬಿಟ್ಟು ಹೋಗಿದ್ದಿಲ್ಲೋ ತಮ್ಮಾ. ನಾವು ಕಸಗೊಂಡ್ವಿ.”

ಅವ್ವ ತಿರುಗಲಿಲ್ಲ. ಓಣಿಯ ಮಂದಿಯನ್ನೇ ನೋಡುತ್ತ, “ಕೇಳಲಿಲ್ರಿ ಭಾವಾ,” ಎಂದಳು. “ಅಲ್ಲಿತನಕ ಕೇಳೂವಂಗ ಅನ್ರಿ.”

ದೊಡ್ಡಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು, ಮಂದಿಯ ಕಡೆ ತಿರುಗಿದರು, ಮತ್ತು ಜೋರಾಗಿ ಅಂದರು.